ಕಟಕಟೆಯಲ್ಲಿ ನಿಂತವನ ಪರವಾಗಿ ಮಾತನಾಡುವವರು ಯಾರು?

ನಂಜನಗೂಡು ತಾಲೂಕಿನ ಹದಿನಾರು ಗ್ರಾಮದ ಹೆಸರು ಮೈಸೂರು ಅರಸರ ವಂಶಕಥನದ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಮನೆಯ ಯಜಮಾನನಿಲ್ಲದೆ ದಿಕ್ಕುಗೆಟ್ಟಿದ್ದ ಹದಿನಾಡಿನ ರಾಣಿ ಮತ್ತು ಆಕೆಯ ಮಗಳ ಮೇಲೆ ಕಾರುಗಹಳ್ಳಿಯ ಮಾರನಾಯಕನು ದಬ್ಬಾಳಿಕೆಗೆ ಮುಂದಾದಾಗ, ಊರಿಗೆ ಅಪರಿಚಿತರಾಗಿದ್ದ ಯದುರಾಯ ಮತ್ತು ಕೃಷ್ಣರಾಯ ಸೋದರರು ಅವರ ಬೆಂಬಲಕ್ಕೆ ನಿಂತರೆಂದೂ 1399ರಲ್ಲಿ ಒಡೆಯರ್ ವಂಶದ ಆಳ್ವಿಕೆ ಅಲ್ಲಿಂದ ಆರಂಭವಾಯಿತೆಂದೂ ಐತಿಹ್ಯ ಹೇಳುತ್ತದೆ. ಇದರಲ್ಲಿ ಇತಿಹಾಸವೆಷ್ಟು, ಕಥೆಯೆಷ್ಟು ಎಂಬುದನ್ನು ವಿದ್ವಾಂಸರು ನಿರ್ಧರಿಸಲಿ. ಆದರೆ ಆರು ಶತಮಾನಗಳ ಕಾಲ ಈ ನಾಡು ಆ ಕಥೆಯನ್ನು ಮರೆಯದಿರಲು ಒಂದು ಕಾರಣವಿದೆ. ದಿಕ್ಕಿಲ್ಲದವರ ಪರವಾಗಿ ನಿಲ್ಲುವವನೇ ಆಳಲು ಅರ್ಹನೆಂಬ ತಿಳಿವಳಿಕೆ ಅದರಲ್ಲಿ ಅಡಗಿದೆ.

ಇಂದು ಅದೇ ಊರಿನಲ್ಲಿ ಅಥವಾ ನೆರೆಯ ತಿ. ನರಸೀಪುರದಲ್ಲಿ, ಕೇಂದ್ರ ತನಿಖಾ ಸಂಸ್ಥೆಯೊಂದರ ಅಧಿಕಾರಿಗಳು ಬೆಳಗಿನ ಜಾವ ಮನೆಯೊಂದರ ಬಾಗಿಲು ತಟ್ಟಿ ಮಗನನ್ನು ಕರೆದೊಯ್ದರೆಂದು ಭಾವಿಸೋಣ. ಆ ತಂದೆ ಏನು ಮಾಡಬೇಕು? ನಂಜನಗೂಡಿನಲ್ಲಿ ನ್ಯಾಯಾಲಯವಿದೆ, ವಕೀಲರಿದ್ದಾರೆ. ಆದರೆ ರಾಷ್ಟ್ರೀಯ ತನಿಖಾ ದಳದ ಪ್ರಕರಣ ಅಲ್ಲಿ ವಿಚಾರಣೆಗೆ ಬರುವುದಿಲ್ಲ. ಅದು ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ. ಕಳ್ಳತನ, ಹೊಡೆದಾಟ, ಜಮೀನಿನ ವ್ಯಾಜ್ಯಗಳನ್ನು ನಡೆಸಿ ಅನುಭವವಿರುವ ಊರಿನ ವಕೀಲರಿಗೆ ಆ ಕಾಯ್ದೆಗಳು ಅಪರಿಚಿತ. ಬೆಂಗಳೂರಿನ ವಕೀಲರು ಆ ತಂದೆಗೆ ಅಪರಿಚಿತರು. ಟಿ.ವಿ. ಚಾನೆಲ್‌ಗಳಾದರೋ ಆ ಹೊತ್ತಿಗಾಗಲೇ ತೀರ್ಪು ಕೊಟ್ಟು ಮುಗಿಸಿರುತ್ತವೆ. ಇಂತಹ ಘಳಿಗೆಯಲ್ಲಿ ಒಬ್ಬ ವಕೀಲ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ಅಂತರವೇ ಹಲವು ಬಾರಿ ಸ್ವಾತಂತ್ರ್ಯಕ್ಕೂ ಸೆರೆವಾಸಕ್ಕೂ ಇರುವ ಅಂತರವಾಗಿದೆ.

ಇದಕ್ಕೆ ನಮ್ಮ ನಾಡಿನವರೇ ಒಬ್ಬರು ಸಾಕ್ಷಿ. ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತಿದ್ದ ಡಾ. ಮುಹಮ್ಮದ್ ಹನೀಫ್‌ರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಬಂಧಿಸಿದ್ದು ಅಲ್ಲಿನ ಫೆಡರಲ್ ಪೊಲೀಸ್. ಬ್ರಿಟನ್ ಬಿಡುವಾಗ ತನ್ನ ಮೊಬೈಲ್ ಸಿಮ್ ಕಾರ್ಡನ್ನು ಸಂಬಂಧಿಯೊಬ್ಬರಿಗೆ ಕೊಟ್ಟು ಬಂದಿದ್ದರೆಂಬುದೇ ಅವರ ಮೇಲಿನ ಆರೋಪದ ಆಧಾರವಾಗಿತ್ತು. ಹನ್ನೆರಡು ದಿನಗಳ ಕಾಲ ಆರೋಪವನ್ನೇ ಹೊರಿಸದೆ ಅವರನ್ನು ವಶದಲ್ಲಿಡಲಾಯಿತು. ಮೊದಲ ದಿನದ ಸುದೀರ್ಘ ವಿಚಾರಣೆಯಲ್ಲಿ ಅವರ ಪಕ್ಕದಲ್ಲಿ ವಕೀಲರಿರಲಿಲ್ಲ. ಕೆಲವು ದಿನಗಳ ಬಳಿಕ ಪೀಟರ್ ರೂಸೊ ಎಂಬ ಸ್ಥಳೀಯ ವಕೀಲರು ಅವರ ಪ್ರಕರಣವನ್ನು ಕೈಗೆತ್ತಿಕೊಂಡರು. ಸ್ಟೀಫನ್ ಕೀಮ್ ಎಂಬ ಬ್ಯಾರಿಸ್ಟರ್ ಜೊತೆಗೂಡಿದರು. ಅವರಿಬ್ಬರಿಗೂ ಹನೀಫ್‌ರ ಜೊತೆ ಧರ್ಮದ, ದೇಶದ, ಭಾಷೆಯ ಯಾವ ಸಂಬಂಧವೂ ಇರಲಿಲ್ಲ.

ಮುಂದೆ ನಡೆದದ್ದು ಚರಿತ್ರೆ. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ನೀಡಿದರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದುಪಡಿಸಿ ಅವರನ್ನು ಬಂಧನದಲ್ಲೇ ಉಳಿಸಿದರು. ಏಕಮುಖ ಪ್ರಯಾಣದ ಟಿಕೆಟಿಗೆ ಹನೀಫ್ ವಿವರಣೆಯನ್ನೇ ನೀಡಿಲ್ಲವೆಂಬ ಮಾತು ಹರಿದಾಡುತ್ತಿದ್ದಾಗ, ಕೀಮ್ ಅವರು ಮೊದಲ ವಿಚಾರಣೆಯ ದಾಖಲೆಯನ್ನು ಪತ್ರಿಕೆಗೆ ಕೊಟ್ಟರು. ಹೆರಿಗೆಯಾದ ಪತ್ನಿಯನ್ನೂ ನವಜಾತ ಮಗಳನ್ನೂ ನೋಡಲು ಹೊರಟಿದ್ದೆನೆಂದು ಅವರು ಮೊದಲ ದಿನವೇ ಹೇಳಿದ್ದುದು ಆಗ ಜಗತ್ತಿಗೆ ತಿಳಿಯಿತು. ಗ್ಲಾಸ್ಗೋದಲ್ಲಿ ಸುಟ್ಟ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ತಿಳಿಸಲಾಗಿದ್ದ ಸಿಮ್ ಕಾರ್ಡು ವಾಸ್ತವದಲ್ಲಿ ಲಿವರ್‌ಪೂಲ್‌ನಲ್ಲಿತ್ತು! ಜುಲೈ 27ರಂದು ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು. ಸರಕಾರವೇ ನೇಮಿಸಿದ ಕ್ಲಾರ್ಕ್ ವಿಚಾರಣಾ ಸಮಿತಿ 2008ರಲ್ಲಿ ಆ ಆರೋಪಕ್ಕೆ ತಕ್ಕ ಪುರಾವೆ ಇರಲಿಲ್ಲವೆಂದು ವರದಿ ನೀಡಿತು. 2010ರಲ್ಲಿ ಪರಿಹಾರವೂ ದೊರೆಯಿತು. ವಕೀಲರು ಇಲ್ಲದಿರುತ್ತಿದ್ದರೆ ಆ ದಾಖಲೆಯ ಪುಟಗಳು ಯಾವ ಕಪಾಟಿನಲ್ಲಿ ಕೊಳೆಯುತ್ತಿದ್ದವು?

ದೂರದ ಬ್ರಿಸ್ಬೇನ್‌ನಲ್ಲಿ ಮೂಡಿಗೆರೆಯ ಯುವಕನಿಗೆ ವಕೀಲರು ಸಿಕ್ಕರು. ಅದೇ ನಮ್ಮ ಮೈಸೂರಿನಲ್ಲಿ? 2020ರ ಜನವರಿಯಲ್ಲಿ ಮಾನಸಗಂಗೋತ್ರಿಯಲ್ಲಿ ನಡೆದ ಪ್ರತಿಭಟನೆಯೊಂದರಲ್ಲಿ ಕಾಶ್ಮೀರದ ಕುರಿತ ಫಲಕ ಹಿಡಿದ ಯುವತಿಯೊಬ್ಬಳ ಮೇಲೆ ರಾಜದ್ರೋಹದ ಮೊಕದ್ದಮೆ ದಾಖಲಾಯಿತು. ಮೈಸೂರಿನ ವಕೀಲರ ಸಂಘವು ಆಕೆಯ ಪರ ಯಾರೂ ವಕಾಲತ್ತು ವಹಿಸಬಾರದೆಂದು ನಿರ್ಣಯಿಸಿತು. ಬೇರೆ ಊರುಗಳಿಂದ ವಕೀಲರು ಬಂದು ವಾದಿಸಬೇಕಾಯಿತು. ಕೊನೆಗೆ ಆಕೆಗೆ ನಿರೀಕ್ಷಣಾ ಜಾಮೀನು ದೊರೆಯಿತು. ಮರುತಿಂಗಳೇ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲೂ ಅಲ್ಲಿನ ವಕೀಲರ ಸಂಘ ಇಂತಹದೇ ನಿರ್ಣಯ ಕೈಗೊಂಡಿತು. ರಾಜ್ಯ ಹೈಕೋರ್ಟ್ ಮಧ್ಯಪ್ರವೇಶಿಸಿ, ವಾದಿಸಲು ಹೋಗುವ ವಕೀಲರಿಗೆ ಪೊಲೀಸ್ ರಕ್ಷಣೆ ಒದಗಿಸುವ ಪರಿಸ್ಥಿತಿ ಬಂತು. ನ್ಯಾಯಾಲಯದ ಒಳಗೆ ಕಾಲಿಡಲು ವಕೀಲನಿಗೇ ಪೊಲೀಸರ ಕಾವಲು ಬೇಕಾದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೇನಿದೆ?

ಇಂತಹ ನಿರ್ಣಯಗಳಿಗೆ ಕಾನೂನಿನ ಬೆಂಬಲವಿಲ್ಲ. ತನ್ನ ಆಯ್ಕೆಯ ವಕೀಲನಿಂದ ಪ್ರತಿರಕ್ಷಣೆ ಪಡೆಯುವ ಹಕ್ಕನ್ನು ಸಂವಿಧಾನದ 22(1)ನೇ ವಿಧಿ ಪ್ರತಿಯೊಬ್ಬ ಬಂಧಿತನಿಗೂ ನೀಡಿದೆ. ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರ ಡಿಸೆಂಬರ್‌ನಲ್ಲಿ, ಆರೋಪಿಯ ಪರ ವಾದಿಸಬಾರದೆಂಬ ವಕೀಲರ ಸಂಘಗಳ ನಿರ್ಣಯಗಳೆಲ್ಲವೂ ಅಸಿಂಧು ಎಂದು ಸಾರಿತು. ಗಮನಿಸಬೇಕಾದುದೇನೆಂದರೆ ಅಲ್ಲಿ ವಕೀಲರು ಬಹಿಷ್ಕರಿಸಿದ್ದು ಪೊಲೀಸರನ್ನು! ಇಂದು ನಮಗೆ ಪ್ರಿಯವಲ್ಲದವನ ಪರ ಬಾಗಿಲು ಮುಚ್ಚಿದರೆ ನಾಳೆ ಅದೇ ಬಾಗಿಲು ಯಾರ ಮುಖದ ಮೇಲೂ ಮುಚ್ಚಬಹುದು. 1945ರಲ್ಲಿ ಬ್ರಿಟಿಷ್ ಸರಕಾರ ಆಝಾದ್ ಹಿಂದ್ ಫೌಜಿನ ಅಧಿಕಾರಿಗಳಾದ ಶಾನವಾಝ್ ಖಾನ್, ಸಹಗಲ್ ಮತ್ತು ಧಿಲ್ಲೋನ್‌ರನ್ನು ದೆಹಲಿಯ ಕೆಂಪುಕೋಟೆಯಲ್ಲಿ ವಿಚಾರಣೆಗೆ ಗುರಿಪಡಿಸಿದಾಗ ಭೂಲಾಭಾಯಿ ದೇಸಾಯಿ ಅವರ ಪರ ವಾದಿಸಿದರು. ಈ ದೇಶದ ವಕೀಲ ವೃತ್ತಿಯ ಗೌರವ ಬೆಳೆದದ್ದು ಅಂತಹ ಪರಂಪರೆಯಿಂದಲೇ ಹೊರತು ಬಹಿಷ್ಕಾರದಿಂದಲ್ಲ.

ಹಾಗಾದರೆ ಅಪರಾಧಿಗಳನ್ನು ರಕ್ಷಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯದ ಆವರಣದಲ್ಲೇ ಬಾಂಬು ಸ್ಫೋಟಿಸಿತು. ತನಿಖೆ ನಡೆಯಿತು, ಬೆಂಗಳೂರಿನ ವಿಶೇಷ ನ್ಯಾಯಾಲಯ 2021ರಲ್ಲಿ ಮೂವರನ್ನು ದೋಷಿಗಳೆಂದು ಘೋಷಿಸಿತು. ಅಪರಾಧಿಗೆ ಶಿಕ್ಷೆಯಾಗಲೇಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರು ಅಪರಾಧಿ ಎಂಬುದು ವಿಚಾರಣೆಯ ಕೊನೆಗೆ ತಿಳಿಯುವ ಸಂಗತಿಯೇ ಹೊರತು ಆರಂಭಕ್ಕೆ ತಿಳಿಯುವುದಲ್ಲ. ಮುಂಬೈ ದಾಳಿಯ ಅಜ್ಮಲ್ ಕಸಬ್‌ನಿಗೂ ನ್ಯಾಯಾಲಯ ವಕೀಲರನ್ನು ಒದಗಿಸಿತು. ಆತನ ಮರಣದಂಡನೆಯನ್ನು ಎತ್ತಿಹಿಡಿದ 2012ರ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್, ಬಂಧಿತನನ್ನು ಮೊದಲ ಬಾರಿ ಹಾಜರುಪಡಿಸಿದಾಗಲೇ ವಕೀಲರ ಹಕ್ಕನ್ನು ಆತನಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು ಹೇಳಿತು. ವಕೀಲನಿದ್ದುದರಿಂದ ಆ ಶಿಕ್ಷೆಯ ವಿಶ್ವಾಸಾರ್ಹತೆ ಹೆಚ್ಚಿತೇ ವಿನಾ ಕುಂದಲಿಲ್ಲ.

ಕೇಂದ್ರ ಸಂಸ್ಥೆಗಳ ಪ್ರಕರಣಗಳಲ್ಲಿ ವಕೀಲನ ಅಗತ್ಯ ಇನ್ನೂ ಹೆಚ್ಚು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯು.ಎ.ಪಿ.ಎ. ಅನ್ವಯ ನಿರೀಕ್ಷಣಾ ಜಾಮೀನಿಲ್ಲ. ಆರೋಪಪಟ್ಟಿ ಸಲ್ಲಿಸಲು ನ್ಯಾಯಾಲಯದ ಅನುಮತಿಯೊಂದಿಗೆ 180 ದಿನಗಳವರೆಗೆ ಕಾಲಾವಕಾಶವಿದೆ. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನು ನೀಡುವಂತಿಲ್ಲ. ಅವಧಿ ಮೀರಿದ ದಿನವನ್ನು ಲೆಕ್ಕ ಹಾಕಿ ಅರ್ಜಿ ಹಾಕುವವನು, ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಟ್ಟಿದ್ದಾರೆಯೇ ಎಂದು ಕೇಳುವವನು ವಕೀಲನೇ. ಹಾಗೆ ಲಿಖಿತವಾಗಿ ಕೊಡದಿದ್ದರೆ ಬಂಧನವೇ ಅಸಿಂಧುವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ತೀರ್ಪಿತ್ತಿದೆ. ವರ್ಷಗಟ್ಟಲೆ ವಿಚಾರಣೆ ನಡೆಯದಿದ್ದರೆ ಜಾಮೀನು ನೀಡಬಹುದೆಂದು 2021ರ ನಜೀಬ್ ಪ್ರಕರಣದಲ್ಲಿ ಹೇಳಿದೆ. ಆದರೆ ಕೇಳುವವನಿಲ್ಲದಿದ್ದರೆ ಈ ತೀರ್ಪುಗಳು ಪುಸ್ತಕದಲ್ಲೇ ಉಳಿಯುತ್ತವೆ.

ಆದ್ದರಿಂದ ಹದಿನಾರಿನ ಆ ತಂದೆಗೆ ಕೆಲವು ಸಂಗತಿಗಳು ಮೊದಲೇ ತಿಳಿದಿರಬೇಕು. ಬಂಧಿತನನ್ನು 24 ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಅವಧಿಗಷ್ಟೇ ವಿನಾಯಿತಿ. ಬಂಧನದ ಸುದ್ದಿಯನ್ನು ಕುಟುಂಬಕ್ಕೆ ತಿಳಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತನಿಗಿದೆ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಮೊದಲ ದಿನ ಹಾಜರಾಗಲು ಸ್ಥಳೀಯ ವಕೀಲರಾದರೂ ಸಾಕು. ಮುಂದಿನ ವಾದಕ್ಕೆ ಇಂತಹ ಪ್ರಕರಣಗಳನ್ನು ನಡೆಸಿದ ಅನುಭವವಿರುವವರನ್ನೇ ವಿಚಾರಿಸಿ ಗೊತ್ತುಮಾಡಬೇಕು. ಹಣವಿಲ್ಲದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವನಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. 15100 ಎಂಬ ಸಂಖ್ಯೆಗೆ ಕರೆ ಮಾಡಿದರೆ ಮಾಹಿತಿ ದೊರೆಯುತ್ತದೆ. 'ಸಾಹೇಬರಿಗೆ ಹೇಳಿ ಬಿಡಿಸಿಕೊಡುತ್ತೇನೆ' ಎಂದು ಹಣ ಕೇಳುತ್ತಾ ಬರುವ ಮಧ್ಯವರ್ತಿಯನ್ನು ಮಾತ್ರ ಮನೆಯ ಹೊಸ್ತಿಲು ದಾಟಲು ಬಿಡಬಾರದು.

ಇಷ್ಟು ಹೇಳಿದ ಮೇಲೆ ನಮ್ಮ ಸಮುದಾಯವು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಬೇಕಾದ ಮಾತೊಂದಿದೆ. ವಕೀಲರ ಸಂಘಗಳು ಬಾಗಿಲು ಮುಚ್ಚಿದವೆಂದು ನಾವು ದೂರುತ್ತೇವೆ. ಆದರೆ ಬಂಧನವಾದ ಮರುದಿನ ಆ ಮನೆಯ ಬಾಗಿಲಿಗೆ ನಮ್ಮಲ್ಲಿ ಎಷ್ಟು ಮಂದಿ ಹೋಗುತ್ತೇವೆ? ನೆಂಟರು ಫೋನೆತ್ತುವುದಿಲ್ಲ, ಮುಖಂಡರು ಊರಲ್ಲಿರುವುದಿಲ್ಲ, ನಿಶ್ಚಯವಾದ ತಂಗಿಯ ಮದುವೆ ಮುರಿಯುತ್ತದೆ. ಆರೋಪ ಸಾಬೀತಾಗುವ ಮೊದಲೇ ನಾವು ಕೂಡ ಶಿಕ್ಷೆ ವಿಧಿಸಿರುತ್ತೇವೆ. ಒಂದೇ ರಾತ್ರಿಯ ಮದುವೆ ಊಟಕ್ಕೆ ಲಕ್ಷಗಟ್ಟಲೆ ಸುರಿಯಬಲ್ಲ ನಮಗೆ, ತಾಲೂಕಿಗೊಂದು ಕಾನೂನು ನೆರವಿನ ನಿಧಿ ಕಟ್ಟಲು ಯಾಕೆ ಸಾಧ್ಯವಾಗಿಲ್ಲ? ಮಕ್ಕಳನ್ನು ಇಂಜಿನಿಯರ್, ಡಾಕ್ಟರ್ ಮಾಡಲು ಹಂಬಲಿಸುವ ನಾವು ಬುದ್ಧಿವಂತ ಹುಡುಗಿಯೊಬ್ಬಳನ್ನು ಮೈಸೂರಿನ ಕಾನೂನು ಕಾಲೇಜಿಗೆ ಕಳಿಸಲು ಯಾಕೆ ಹಿಂಜರಿಯುತ್ತೇವೆ? ಅಂತಹ ನಿಧಿ ಒಂದು ಸಮುದಾಯದ ಬೇಲಿಯೊಳಗೆ ಉಳಿಯಲೂ ಬಾರದು. ಮಾನಸಗಂಗೋತ್ರಿಯ ಆ ಯುವತಿ ನಮ್ಮ ಸಮುದಾಯದವಳಲ್ಲ. ಹನೀಫ್‌ರ ಪರ ನಿಂತ ರೂಸೊ, ಕೀಮ್ ಕೂಡ ನಮ್ಮವರಲ್ಲ. ನ್ಯಾಯದ ಪರವಾಗಿ ನಿಲ್ಲುವವನು ಆರೋಪಿಯ ಹೆಸರನ್ನು ಕೇಳುವುದಿಲ್ಲ.

ಹದಿನಾರಿನ ಕಥೆಯಲ್ಲಿ ಯದುರಾಯನು ಆ ತಾಯಿ-ಮಗಳ ಬಂಧುವಾಗಿರಲಿಲ್ಲ, ನೆರೆಯವನೂ ಆಗಿರಲಿಲ್ಲ. ದಾರಿಹೋಕನಾಗಿ ಬಂದು ಅವರ ಪರ ನಿಂತ. ಅಂದು ಅದಕ್ಕೆ ಖಡ್ಗ ಬೇಕಿತ್ತು. ಇಂದು ಬೇಕಾಗಿರುವುದು ಒಂದು ವಕಾಲತ್‌ನಾಮೆ, ಅದಕ್ಕೆ ಸಹಿ ಹಾಕುವ ಒಬ್ಬ ಧೈರ್ಯವಂತ ವಕೀಲ ಮತ್ತು ಅವನನ್ನು ಒಂಟಿಯಾಗಿ ಬಿಡದ ಒಂದು ಸಮಾಜ. ಆ ಸಮಾಜವನ್ನು ಕಟ್ಟುವ ಕೆಲಸ ಬಾಗಿಲು ತಟ್ಟುವ ಸದ್ದು ಕೇಳಿಸಿದ ಮೇಲೆ ಆರಂಭವಾದರೆ ತಡವಾಗಿರುತ್ತದೆ.