ಬೆತ್ತದ ಸಾಕ್ಷ್ಯ

‘ದಂಡಂ ದಶಗುಣಂ’ ಎಂಬ ಮಾತನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಈ ಮಾತನ್ನು ಆಡುವವರೆಲ್ಲ ಕ್ರೂರಿಗಳೆಂದು ತಿಳಿಯಬೇಕಾಗಿಲ್ಲ. ಅವರಲ್ಲಿ ಬಹುಮಂದಿ ಮಕ್ಕಳ ಹಿತವನ್ನೇ ಬಯಸುವ ತಂದೆತಾಯಿಗಳು, ಉಪಾಧ್ಯಾಯರು. ಕಾರಣ ಕೇಳಿದರೆ ಅವರು ತಮ್ಮ ಅನುಭವವನ್ನೇ ಮುಂದಿಡುತ್ತಾರೆ. ಕಡಿಮೆ ಅಂಕ ಪಡೆದ ಹುಡುಗನಿಗೆ ಎರಡು ಏಟು ಬಿತ್ತು, ಮುಂದಿನ ಪರೀಕ್ಷೆಯಲ್ಲಿ ಮೇಲೆ ಬಂದನು; ಹೆಚ್ಚು ಅಂಕ ಪಡೆದ ಹುಡುಗಿಯನ್ನು ಹೊಗಳಲಾಯಿತು, ಮುಂದಿನ ಪರೀಕ್ಷೆಯಲ್ಲಿ ಕೆಳಗಿಳಿದಳು. ಅವರು ಸುಳ್ಳಾಡುತ್ತಿಲ್ಲ, ಕಂಡದ್ದನ್ನು ಕಂಡಂತೆಯೇ ಹೇಳುತ್ತಿದ್ದಾರೆ. ಆದರೆ ಕಂಡದ್ದರಿಂದ ಅವರು ತೆಗೆದ ತೀರ್ಮಾನ ಮಾತ್ರ ನಿಲ್ಲುವಂಥದಲ್ಲ.

ಇದೇ ವಾದವನ್ನು 1960ರ ದಶಕದಲ್ಲಿ ಡೇನಿಯಲ್ ಕಾನೆಮನ್ ಎಂಬ ಮನಃಶಾಸ್ತ್ರಜ್ಞರು ಎದುರಿಸಬೇಕಾಯಿತು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಇವರು ಆಗ ಇಸ್ರೇಲಿನ ವಾಯುಪಡೆಯಲ್ಲಿ ವಿಮಾನ ನಡೆಸಲು ಕಲಿಸುವ ಬೋಧಕರಿಗೆ ಪಾಠ ಹೇಳುತ್ತಿದ್ದರು. ತಪ್ಪಿಗೆ ಶಿಕ್ಷಿಸುವುದಕ್ಕಿಂತ ಪ್ರಗತಿಯನ್ನು ಮೆಚ್ಚುವುದರಿಂದ ಕಲಿಕೆ ಹೆಚ್ಚುತ್ತದೆಂದು ಅವರು ವಿವರಿಸಿದಾಗ, ನುರಿತ ಬೋಧಕರೊಬ್ಬರು ಎದ್ದು ನಿಂತು ಆಕ್ಷೇಪಿಸಿದರು. ಆಕಾಶದಲ್ಲಿ ಚೆನ್ನಾಗಿ ಕಸರತ್ತು ಮಾಡಿದವನನ್ನು ಹೊಗಳಿದರೆ ಮರುಸಲ ಕೆಡಿಸುತ್ತಾನೆ, ಕೆಟ್ಟದಾಗಿ ಮಾಡಿದವನ ಮೇಲೆ ರೇಗಿದರೆ ಮರುಸಲ ಸುಧಾರಿಸುತ್ತಾನೆ ಎಂಬುದು ಅವರ ಅನುಭವ.

ಕಾನೆಮನ್ ವಾದಕ್ಕೆ ವಾದ ಹೂಡಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರಿಯನ್ನು ಬರೆದರು. ಪ್ರತಿಯೊಬ್ಬ ಬೋಧಕನೂ ಅದಕ್ಕೆ ಬೆನ್ನು ಮಾಡಿ ನಿಂತು, ಹಿಂದಿರುಗಿ ನೋಡದೆ, ಒಂದಾದ ಮೇಲೊಂದರಂತೆ ಎರಡು ನಾಣ್ಯಗಳನ್ನು ಗುರಿಯತ್ತ ಎಸೆಯಬೇಕು. ದೂರಗಳನ್ನು ಅಳೆದು ಬರೆದಾಗ, ಮೊದಲ ಎಸೆತ ಗುರಿಗೆ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರ ಎರಡನೆಯ ಎಸೆತ ದೂರ ಬಿದ್ದಿತ್ತು. ಮೊದಲು ದೂರ ಎಸೆದವರಲ್ಲಿ ಹೆಚ್ಚಿನವರು ಎರಡನೆಯ ಸಲ ಹತ್ತಿರ ಬಂದಿದ್ದರು. ಅಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದಿರಲೂ ಇಲ್ಲ.

ಹಾವು–ಏಣಿಯಾಟದ ದಾಳವೊಂದಿದ್ದರೆ ಈ ಸಂಗತಿಯನ್ನು ಯಾವ ತರಗತಿಯಲ್ಲಾದರೂ ನೋಡಬಹುದು. ಒಂದು ಬಿದ್ದ ವಿದ್ಯಾರ್ಥಿಗಳನ್ನೆಲ್ಲ ಗದರಿಸಿ ಮತ್ತೊಮ್ಮೆ ದಾಳ ಹಾಕಿಸಲಿ. ಅವರಲ್ಲಿ ಸರಾಸರಿ ಆರಕ್ಕೆ ಐವರು ಮೊದಲಿಗಿಂತ ಹೆಚ್ಚು ಪಡೆಯುತ್ತಾರೆ. ಕೆಳಗಿಳಿಯುವವರು ಒಬ್ಬರೂ ಇಲ್ಲ, ಇಳಿಯಲು ಜಾಗವೇ ಇಲ್ಲ. ಆರು ಬಿದ್ದವರನ್ನು ಮನಸಾರೆ ಹೊಗಳಲಿ. ಅವರಲ್ಲಿ ಆರಕ್ಕೆ ಐವರು ಇಳಿದೇ ಇಳಿಯುತ್ತಾರೆ. ದಾಳಕ್ಕೆ ಕಿವಿಯಿಲ್ಲವೆಂಬುದನ್ನು ಎಲ್ಲರೂ ಬಲ್ಲರು.

ಪರೀಕ್ಷೆಯ ಅಂಕ ದಾಳದಂತೆ ಬರಿಯ ಆಕಸ್ಮಿಕವಲ್ಲ, ನಿಜ. ಅದರಲ್ಲಿ ಓದಿನ ಪಾಲು ದೊಡ್ಡದು. ಆದರೂ ಓದಿದ ಪಾಠದಿಂದಲೇ ಪ್ರಶ್ನೆ ಬಂದದ್ದು, ಅಂದು ತಲೆನೋವು ಕಾಡಿದ್ದು, ತಿದ್ದುವವರ ಕೈ ಧಾರಾಳವೋ ಬಿಗಿಯೋ ಆಗಿದ್ದದ್ದು, ಇವೆಲ್ಲವೂ ಅಂಕಗಳಲ್ಲಿ ಸೇರಿಕೊಳ್ಳುತ್ತವೆ. ತೀರ ಕಡಿಮೆ ಅಂಕ ಬಂದ ದಿನ ಇಂಥ ಸಂಗತಿಗಳು ಬಹುಮಟ್ಟಿಗೆ ಪ್ರತಿಕೂಲವಾಗಿಯೇ ಇದ್ದಿರುತ್ತವೆ. ಅವು ಮತ್ತೊಮ್ಮೆ ಹಾಗೆಯೇ ಕೂಡಿಬರುವುದು ಅಪರೂಪವಾದುದರಿಂದ ಮುಂದಿನ ಅಂಕ ತಾನಾಗಿಯೇ ಆ ವಿದ್ಯಾರ್ಥಿಯ ಎಂದಿನ ಮಟ್ಟದತ್ತ ಏರುತ್ತದೆ. ಬೆತ್ತ ಎದ್ದದ್ದು ಸರಿಯಾಗಿ ಆ ಕೆಟ್ಟ ದಿನದಂದೇ. ಏರಿಕೆಯ ಕೀರ್ತಿಯೂ ಅದಕ್ಕೇ ಸಲ್ಲುತ್ತದೆ. ಜ್ವರ ನೆತ್ತಿಗೇರಿದ ದಿನ ಕಟ್ಟಿಸಿದ ತಾಯಿತಕ್ಕೆ, ಜ್ವರ ಇಳಿದ ಹೆಗ್ಗಳಿಕೆ ಸಲ್ಲುವುದೂ ಹೀಗೆಯೇ.

ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಗೆ ಮರಳುವಿಕೆ ಎನ್ನುತ್ತಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು 928 ಮಂದಿ ವಯಸ್ಕ ಮಕ್ಕಳ ಎತ್ತರವನ್ನು ಅವರ ತಂದೆತಾಯಿಗಳ ಎತ್ತರದೊಡನೆ ಹೋಲಿಸಿ 1886ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಬಹಳ ಎತ್ತರದವರ ಮಕ್ಕಳು ಎತ್ತರವಾಗಿದ್ದರೂ ಸರಾಸರಿಯಾಗಿ ಹೆತ್ತವರಷ್ಟು ಅಸಾಧಾರಣ ಎತ್ತರದವರಲ್ಲ. ಬಹಳ ಕುಳ್ಳರ ಮಕ್ಕಳು ಅಷ್ಟು ಕುಳ್ಳರಲ್ಲ. ಸ್ವಾರಸ್ಯವೇನೆಂದರೆ, ಬಹಳ ಎತ್ತರದ ಮಕ್ಕಳನ್ನು ಮೊದಲು ಆರಿಸಿಕೊಂಡು ಅವರ ಹೆತ್ತವರನ್ನು ನೋಡಿದರೂ ಅದೇ ಫಲ! ಮಕ್ಕಳು ಹೆತ್ತವರ ಎತ್ತರವನ್ನು ತಗ್ಗಿಸಲಾರರಷ್ಟೆ.

ಹಾಗಾದರೆ ಹೊಡೆತದಿಂದ ಏನೂ ಆಗುವುದಿಲ್ಲವೆಂದು ಇಷ್ಟರಿಂದಲೇ ಸಿದ್ಧವಾಯಿತೇ? ಇಲ್ಲ. ಸಿದ್ಧವಾದದ್ದು ಬೆತ್ತ ಹೇಳುವ ಸಾಕ್ಷ್ಯ ಸಾಕ್ಷ್ಯವೇ ಅಲ್ಲವೆಂಬುದು ಮಾತ್ರ. ಆದರೆ ಮಗುವಿನ ಮೈಮೇಲೆ ಬಾಸುಂಡೆ ಮೂಡಿಸುವ ಪದ್ಧತಿಗೆ ಅದನ್ನು ಬಿಟ್ಟರೆ ಬೇರೆ ಆಧಾರವನ್ನು ಅದರ ಪಕ್ಷದವರು ಸಾಮಾನ್ಯವಾಗಿ ತೋರಿಸುವುದಿಲ್ಲ. ಇನ್ನೂ ಖೇದದ ಸಂಗತಿಯೆಂದರೆ, ಹೊಗಳಿದಾಗಲೆಲ್ಲ ಇಳಿತವನ್ನೂ ಬೈದಾಗಲೆಲ್ಲ ಏರಿಕೆಯನ್ನೂ ಕಾಣುತ್ತ ಬಂದ ಒಳ್ಳೆಯ ಉಪಾಧ್ಯಾಯನು ಕ್ರಮೇಣ ಮೆಚ್ಚುಗೆಯ ಮಾತನ್ನೇ ಮರೆಯುತ್ತಾನೆ. ಅವನನ್ನು ಕಠಿಣನನ್ನಾಗಿ ಮಾಡಿದ್ದು ಸ್ವಭಾವವಲ್ಲ, ತಪ್ಪಾಗಿ ಓದಿದ ಲೆಕ್ಕ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಬಾರದೆಂದು ವಿಧಿಸಿದೆ. ಆದರೂ ‘ಎರಡು ಬಿಗಿಯಿರಿ ಮೇಷ್ಟ್ರೇ, ಬುದ್ಧಿ ಬರಲಿ’ ಎನ್ನುವ ಪೋಷಕರಿದ್ದಾರೆ. ಇವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಅಷ್ಟೇ ಕಡಿಮೆ ಅಂಕ ಪಡೆದು ಏಟು ತಿನ್ನದೆ ಉಳಿದವರು ಮುಂದಿನ ಪರೀಕ್ಷೆಯಲ್ಲಿ ಏನಾದರು? ಸರಿಯಾದ ಪರೀಕ್ಷೆಗೆ ಚೀಟಿಯೆತ್ತಿ ಎರಡು ಗುಂಪು ಮಾಡಬೇಕು. ಹೊಡೆತದ ವಿಷಯದಲ್ಲಿ ಹಾಗೆ ಮಾಡುವುದು ಸಲ್ಲದು. ಅಂಕಪಟ್ಟಿಯ ಹಳೆಯ ಪುಸ್ತಕವನ್ನಾದರೂ ತೆರೆದು ನೋಡಬಹುದು. ಅದು ಪ್ರತಿಯೊಂದು ಶಾಲೆಯ ಬೀರುವಿನಲ್ಲಿಯೂ ಇದೆ.