ಕ್ಯಾನ್ ತರಿಸುವ ಮೊದಲು ಸಂಪಿನ ಮುಚ್ಚಳ ತೆರೆಯೋಣ

ಜಯನಗರ, ಬನಶಂಕರಿ, ಜೆ.ಪಿ. ನಗರದ ಹಳೆಯ ಹಂತಗಳಲ್ಲಿ ಬಹುಪಾಲು ಮನೆಗಳಿಗೆ ಕಾವೇರಿ ಸಂಪರ್ಕವಿದೆ. ಅವೇ ಮನೆಗಳ ಅಡುಗೆಕೋಣೆಯಲ್ಲಿ ಇಪ್ಪತ್ತು ಲೀಟರಿನ ಕ್ಯಾನ್ ಕೂಡ ಕೂತಿರುತ್ತದೆ. ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು, ಗಿಡಕ್ಕೆ ಹಾಕಲು, ಕೊನೆಗೆ ಕಾರು ತೊಳೆಯಲೂ ಕಾವೇರಿ. ಕುಡಿಯಲು ಮಾತ್ರ ಯಾವ ಊರಿನ ಯಾವ ಬೋರ್‌ವೆಲ್‌ನಿಂದ ಬಂದದ್ದೆಂದು ಯಾರೂ ಕೇಳದ ಕ್ಯಾನ್ ನೀರು. ಈ ಕ್ರಮ ತಲೆಕೆಳಗಾಗಿದೆ. ಕಾವೇರಿ ನಲ್ಲಿ ಇರುವ ಮನೆಯವರು ಆ ನೀರನ್ನೇ ಕಾಯಿಸಿ ಆರಿಸಿ ಕುಡಿಯಬೇಕು, ಕ್ಯಾನಿಗೆ ಸುರಿಯುವ ಹಣವನ್ನೂ ಕಾಳಜಿಯನ್ನೂ ತಮ್ಮ ಸಂಪು, ಟ್ಯಾಂಕ್ ಮತ್ತು ಬೀದಿಯ ಪೈಪಿನ ಕಡೆಗೆ ತಿರುಗಿಸಬೇಕು ಎಂಬುದು ನನ್ನ ನಿಲುವು.

ಈ ನೀರು ಬರುವ ದಾರಿಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನೀರಿಗೆ ಪಟಿಕ ಹಾಕಿ ಕೆಸರು ತಂಗಿಸುತ್ತಾರೆ, ಮರಳಿನ ಶೋಧಕಗಳಲ್ಲಿ ಇಳಿಸುತ್ತಾರೆ, ಕ್ಲೋರಿನ್ ಬೆರೆಸುತ್ತಾರೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳ ಪಂಪುಗಳು ಅದನ್ನು ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ತಳ್ಳುತ್ತವೆ. ನಗರದ ಕೊಳಚೆಯೆಲ್ಲ ಕಾವೇರಿಗೇ ಸೇರುತ್ತದಲ್ಲ ಎಂದು ಹಲವರು ಹೆದರುತ್ತಾರೆ. ವೃಷಭಾವತಿಯ ಕೊಳಚೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಮುಟ್ಟುವುದು ಕನಕಪುರದಾಚೆಯ ಸಂಗಮದಲ್ಲಿ. ನಮಗೆ ನೀರೆತ್ತುವ ಶಿವ ಅಣೆಕಟ್ಟೆ ಅದಕ್ಕಿಂತ ಮೇಲೆ, ಹೊಳೆಯ ಮೇಲ್ಪಾತ್ರದಲ್ಲಿದೆ. ಆ ಕೊಳಚೆಯ ಪಾಪ ನಮ್ಮದೇ, ಅದನ್ನು ಉಣ್ಣುತ್ತಿರುವವರು ಕೆಳಗಿನ ಊರುಗಳವರು. ನಮ್ಮ ಲೋಟಕ್ಕೆ ಅದು ಬರುತ್ತಿಲ್ಲ.

ಇನ್ನು ಕ್ಯಾನು, ಬಾಟಲಿಗಳ ಸಂಗತಿ. 2025ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬಾಟಲಿ ನೀರಿನ ಮಾದರಿಗಳನ್ನು ಪರೀಕ್ಷಿಸಿದಾಗ, ಫಲಿತಾಂಶ ಬಂದ 255ರಲ್ಲಿ ಸುರಕ್ಷಿತವೆನಿಸಿದ್ದು 72 ಮಾತ್ರ. 95 ಅಸುರಕ್ಷಿತ, 88 ಕಳಪೆ ಗುಣಮಟ್ಟದವು. ಅನುಮಾನ ಬಂದ ಕಡೆ ಹೆಚ್ಚು ಮಾದರಿ ತೆಗೆದಿರಬಹುದು ಎಂದು ಒಪ್ಪಿದರೂ, ಮೊಹರು ಹಾಕಿದ ಮುಚ್ಚಳವೇ ಭರವಸೆ ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಅದಕ್ಕೂ ಮುಂಚೆ, 2024ರ ನವೆಂಬರಿನಲ್ಲಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಪ್ಯಾಕ್ ಮಾಡಿದ ಕುಡಿಯುವ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದಲ್ಲಿ ಮಾರುವ ಬಾಟಲಿ ನೀರಿನ ಒಂದು ಲೀಟರಿನಲ್ಲಿ ಸರಾಸರಿ ಎರಡು ಲಕ್ಷದ ನಲವತ್ತು ಸಾವಿರ ಪ್ಲಾಸ್ಟಿಕ್ ಕಣಗಳನ್ನು ಎಣಿಸಿದರು. ಅವುಗಳಲ್ಲಿ ಬಹುಪಾಲು ಕಣ್ಣಿಗೂ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು. ಅವು ದೇಹಕ್ಕೆ ಎಷ್ಟು ಕೆಡುಕು ಮಾಡುತ್ತವೆಂದು ವಿಜ್ಞಾನ ಇನ್ನೂ ತೀರ್ಮಾನ ಹೇಳಿಲ್ಲ, ಹಾಗಾಗಿ ಹೆದರಿಸಲು ಈ ಮಾತು ಎತ್ತುತ್ತಿಲ್ಲ. ಆದರೆ ಬಿಸಿಲಲ್ಲಿ ಗೂಡ್ಸ್ ಆಟೋ ಮೇಲೆ ಸುತ್ತಿ, ಅಂಗಡಿಯ ಮುಂದೆ ಕಾದು, ಮತ್ತೆ ಮತ್ತೆ ತುಂಬಿಸಿಕೊಂಡು ಗೀರುಬಿದ್ದ ಕ್ಯಾನಿನ ನೀರು ಶುದ್ಧತೆಯ ಅಳತೆಗೋಲಾಗಲು ಸಾಧ್ಯವಿಲ್ಲ. ಖರ್ಚಿನ ಲೆಕ್ಕವೂ ಹಗುರವಲ್ಲ. ನಾಲ್ಕು ಜನರ ಮನೆಗೆ ಎರಡು ದಿನಕ್ಕೊಂದು ಕ್ಯಾನ್, ಕ್ಯಾನಿಗೆ 40 ರೂಪಾಯಿ ಎಂದರೂ ತಿಂಗಳಿಗೆ 600 ರೂಪಾಯಿ. ಬಳಕೆಯ ಮೊದಲ ಸ್ಲ್ಯಾಬಿಗೆ ಜಲಮಂಡಳಿಯ ದರ ಸಾವಿರ ಲೀಟರಿಗೆ ಹತ್ತು ರೂಪಾಯಿಗೂ ಕಡಿಮೆ. ಅಂದರೆ ಆ ತಿಂಗಳ 300 ಲೀಟರಿಗೆ ಮೂರು ರೂಪಾಯಿಯೂ ಆಗುವುದಿಲ್ಲ.

ಈ ವಾದಕ್ಕೆ ಎದುರಾಗಿ ಬರುವ ಅತ್ಯಂತ ಬಲವಾದ ಮಾತು ಪೈಪಿನದು. ತೊರೆಕಾಡನಹಳ್ಳಿಯಲ್ಲಿ ನೀರು ಚೆನ್ನಾಗಿರಬಹುದು, ನಮ್ಮ ಬೀದಿಗೆ ಬರುವ ಹೊತ್ತಿಗೂ ಹಾಗೇ ಇರುತ್ತದೆಯೇ? ಈ ಪ್ರಶ್ನೆಗೆ ಕರ್ನಾಟಕದಲ್ಲೇ ಸಿಕ್ಕ ಉತ್ತರವಿದೆ. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಲ್ಲಿ 24 ಗಂಟೆಯೂ ನೀರು ಕೊಡುವ ಯೋಜನೆ ಜಾರಿಗೆ ಬಂದ ಮೇಲೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆ ವಾರ್ಡುಗಳ ನಲ್ಲಿಗಳನ್ನೂ ಕೆಲವು ದಿನಕ್ಕೊಮ್ಮೆ ನೀರು ಬಿಡುವ ವಾರ್ಡುಗಳ ನಲ್ಲಿಗಳನ್ನೂ ಹೋಲಿಸಿದರು. ನಿರಂತರ ನೀರಿನ ಕಡೆ ಮಲದ ಬ್ಯಾಕ್ಟೀರಿಯ ಸಿಕ್ಕದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಮಾದರಿಗಳಲ್ಲಿ. ಬಿಟ್ಟು ಬಿಟ್ಟು ಬರುವ ಕಡೆ ಹೆಚ್ಚುಕಡಿಮೆ ಮೂರರಲ್ಲೊಂದರಲ್ಲಿ. ಕಾರಣ ಸರಳ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಸಂದಿಯಿರುವ ಕಡೆ ಪಕ್ಕದ ಒಳಚರಂಡಿಯ ತೇವವನ್ನು ಪೈಪು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಬಡಾವಣೆಗಳಲ್ಲೂ ನೀರು ದಿನ ಬಿಟ್ಟು ದಿನ, ಕೆಲವು ಗಂಟೆ ಮಾತ್ರ. ಆದ್ದರಿಂದ ನಲ್ಲಿಗೆ ಬಾಯಿಟ್ಟು ಕುಡಿಯಿರಿ ಎಂದು ನಾನು ಹೇಳುವುದಿಲ್ಲ. ಮೊದಲು ಬರುವ ಬಗ್ಗಡವನ್ನು ಹೊರಗೆ ಬಿಟ್ಟು, ಆಮೇಲಿನ ನೀರನ್ನು ಹಿಡಿದು ಕೊತಕೊತನೆ ಕುದಿಸಿದರೆ ಈ ಬ್ಯಾಕ್ಟೀರಿಯಗಳು ಉಳಿಯುವುದಿಲ್ಲ. ನೀರಿಗೆ ಬಣ್ಣ ಅಥವಾ ಚರಂಡಿಯ ವಾಸನೆ ಬಂದ ದಿನ ಅದನ್ನು ಮುಟ್ಟದೆ ಜಲಮಂಡಳಿಯ ಸಹಾಯವಾಣಿ 1916ಕ್ಕೆ ದೂರು ಕೊಡಬೇಕು. ಪೈಪ್ ಒಡೆದದ್ದು ಸರಿಹೋಗುವುದು ದೂರಿನಿಂದ. ಬೀದಿಯವರೆಲ್ಲ ಕ್ಯಾನಿಗೆ ಹೋದ ಮೇಲೆ ದೂರು ಕೊಡಲು ಯಾರಿಗೂ ತುರ್ತು ಉಳಿಯುವುದಿಲ್ಲ, ಆ ಪೈಪಿನ ನೀರನ್ನೇ ನಂಬಿದ ಬಡವರಿಗೆ ಮಾತ್ರ ಕೊಳೆ ಉಳಿಯುತ್ತದೆ. ಕ್ಯಾನಿನ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಇದೇ.

ನಾವು ಜಲಮಂಡಳಿಯನ್ನು ದೂರುವಷ್ಟು ನಮ್ಮ ಸಂಪನ್ನು ದೂರುವುದಿಲ್ಲ. ಬೀದಿಯ ಪೈಪಿನಿಂದ ಬಂದ ನೀರು ನೆಲದೊಳಗಿನ ಸಂಪಿಗೆ ಬೀಳುತ್ತದೆ, ಮೋಟರ್ ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ, ಅಲ್ಲಿಂದ ಅಡುಗೆಮನೆಗೆ ಇಳಿಯುತ್ತದೆ. ಈ ಹೊತ್ತಿಗೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗಿರುತ್ತದೆ. ಹುಬ್ಬಳ್ಳಿಯಲ್ಲೂ ನಿರಂತರ ನೀರಿನ ಮನೆಗಳಲ್ಲಿ ಕೂಡಿಟ್ಟ ನೀರು ಮತ್ತೆ ಕೆಟ್ಟದ್ದು ಕಂಡಿತ್ತು. ಸಂಪಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಮಳೆನೀರು, ಜಿರಳೆ, ಅಂಗಳ ತೊಳೆದ ನೀರು ಎಲ್ಲವೂ ಒಳಗೇ. ಬೇಸಿಗೆಯಲ್ಲಿ ಅದೇ ಸಂಪಿಗೆ ಟ್ಯಾಂಕರ್ ನೀರನ್ನೂ ಬೋರ್‌ವೆಲ್ ನೀರನ್ನೂ ಬಿಟ್ಟರೆ ಕಾವೇರಿ ನೀರೆಂಬುದು ಹೆಸರಿಗಷ್ಟೇ. ಹಳೆಯ ಮನೆಗಳಲ್ಲಿ ಮೀಟರಿನ ಪಕ್ಕ, ಸಂಪಿಗೆ ಸೇರುವ ಮುಂಚೆ, ಒಂದು ನೇರ ನಲ್ಲಿ ಇರುತ್ತಿತ್ತು. ನೀರು ಬಿಟ್ಟ ಹೊತ್ತಿನಲ್ಲಿ ಕುಡಿಯಲು ಬೇಕಾದಷ್ಟನ್ನು ಅಲ್ಲೇ ಕೊಡದಲ್ಲಿ ಹಿಡಿಯುತ್ತಿದ್ದರು. ಮನೆ ಒಡೆದು ಮೂರು ಅಂತಸ್ತು ಕಟ್ಟುವಾಗ ಮೊದಲು ಮಾಯವಾದದ್ದು ಆ ನಲ್ಲಿ. ಪ್ಲಂಬರ್‌ಗೆ ಅರ್ಧ ದಿನದ ಕೆಲಸವಾದ ಅದನ್ನು ಮರಳಿ ಹಾಕಿಸಿ, ವರ್ಷಕ್ಕೆರಡು ಸಲ ಸಂಪು–ಟ್ಯಾಂಕ್ ತೊಳೆಸುವುದು ಕ್ಯಾನಿಗೆ ಸುರಿಯುವ ಹಣದಲ್ಲೇ ಮುಗಿಯುತ್ತದೆ.

ಆರ್‌ಒ ಯಂತ್ರವಿದ್ದರೆ ಸಾಕಲ್ಲ ಎನ್ನುವವರಿದ್ದಾರೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪುವಂಥದ್ದು. ಕಾವೇರಿ ನೀರು ಅದಕ್ಕಿಂತ ಬಹಳ ಕೆಳಗಿದೆ. ಅಂಥ ಮೆದು ನೀರಿಗೆ ಆರ್‌ಒ ಹಾಕುವುದೆಂದರೆ, ನೂರು ಕಿಲೋಮೀಟರ್ ಎತ್ತಿ ತಂದ ನೀರಿನಲ್ಲಿ ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಚರಂಡಿಗೆ ಬಿಡುವುದು. ಕುದಿಸಲು ಪುರುಸೊತ್ತಿಲ್ಲದವರಿಗೆ ಕ್ಯಾಂಡಲ್ ಫಿಲ್ಟರಿನ ಜೊತೆಗೆ ಯುವಿ ದೀಪವಿರುವ ಯಂತ್ರ ಸಾಕು.

ಆದರೆ ಇದೆಲ್ಲ ಎಲ್ಲರಿಗೂ ಅನ್ವಯಿಸುವುದಿಲ್ಲ. ಜೆ.ಪಿ. ನಗರದ ಕೊನೆಯ ಹಂತಗಳಲ್ಲಿ, ಬಿಟಿಎಂ ಲೇಔಟಿನ ಒತ್ತೊತ್ತಾದ ಕಟ್ಟಡಗಳಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರೇ ಗತಿಯಾದ ಸಾವಿರಾರು ಮನೆಗಳಿವೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದಾಗ ಅವರು ಪಟ್ಟ ಪಾಡನ್ನು ಎಲ್ಲರೂ ಕಂಡಿದ್ದೇವೆ. ಕೊಳಚೆ ಇಂಗಿದ ಅಂತರ್ಜಲದಲ್ಲಿ ನೈಟ್ರೇಟ್ ಇದ್ದರೆ ಕುದಿಸಿದರೂ ಹೋಗುವುದಿಲ್ಲ, ಕುದಿಸಿದಷ್ಟೂ ಸಾಂದ್ರವಾಗುತ್ತದೆ. ಅಲ್ಲಿ ನೀರನ್ನು ಪರೀಕ್ಷೆ ಮಾಡಿಸಿ ಅಗತ್ಯವಿದ್ದರೆ ಆರ್‌ಒ ಹಾಕಿಸಲೇಬೇಕು, ಇಲ್ಲವೆಂದರೆ ಐಎಸ್‌ಐ ಗುರುತಿನ ಕ್ಯಾನೇ ಸರಿ. ಬಿಟಿಎಂನ ಪಿ.ಜಿ.ಗಳಲ್ಲಿ ಇರುವ ಹುಡುಗ ಹುಡುಗಿಯರಿಗಂತೂ ಸಂಪು ನೋಡುವ ಅಧಿಕಾರವೇ ಇಲ್ಲ. ಅವರಿಗೆ ನಲ್ಲಿ ನೀರು ಕುಡಿಯಿರಿ ಎಂದು ಬೋಧಿಸುವುದು ಅನ್ಯಾಯ. ಸಂಪು ತೊಳೆಸಿದ ದಿನಾಂಕವನ್ನೂ ನೀರಿನ ಪರೀಕ್ಷೆಯ ಫಲಿತಾಂಶವನ್ನೂ ಬಾಗಿಲ ಬಳಿ ತೂಗುಹಾಕುವಂತೆ ಮಾಲೀಕರನ್ನು ಕಟ್ಟಿಹಾಕುವ ನಿಯಮ ಅಲ್ಲಿಗೆ ಬೇಕು.

ಜಲಮಂಡಳಿಯಿಂದ ಕೇಳಬೇಕಾದ್ದೂ ಅಂಥದ್ದೇ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಮಾನಕ ಹೇಳುತ್ತದೆ. ಪ್ರತಿ ವಾರ್ಡಿನಲ್ಲಿ ಅದು ಎಷ್ಟಿದೆ, ಬ್ಯಾಕ್ಟೀರಿಯ ಪರೀಕ್ಷೆ ಏನು ಹೇಳಿತು ಎಂಬುದು ಪ್ರತಿ ತಿಂಗಳ ಬಿಲ್ಲಿನ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚಾಗಲಿ. ಒಡಿಶಾದ ಪುರಿಯಲ್ಲಿ 2021ರಿಂದ ನಲ್ಲಿಯಿಂದಲೇ ಕುಡಿಯುವ ನೀರು ದಿನವಿಡೀ ಕೊಡಲು ಸಾಧ್ಯವಾಗಿದೆ. ಕಾವೇರಿ ನೀರು ಮೊದಲು ಬಂದಿಳಿಯುವ ದಕ್ಷಿಣ ಬೆಂಗಳೂರಿನ ಒಂದು ವಾರ್ಡಿನಲ್ಲಾದರೂ, ಹುಬ್ಬಳ್ಳಿಯ ಮಾದರಿಯಂತೆ, ಬಿಡದೆ ಒತ್ತಡವಿರುವ ಪೈಪಿನ ಪ್ರಯೋಗ ಶುರುವಾಗಲಿ ಎಂದು ಇಲ್ಲಿನ ನಿವಾಸಿ ಸಂಘಗಳು ಮುಂದಿನ ನೀರಿನ ಅದಾಲತ್ತಿನಲ್ಲೇ ಬರಹದಲ್ಲಿ ಕೇಳಬಹುದು.