ಬ್ಯಾಟರಿ ಸತ್ತ ಮೇಲೆ ಬುದ್ಧಿ ಬರಬಾರದು

 

ಕಳೆದ ಆಷಾಢದ ಒಂದು ರಾತ್ರಿ ನಮ್ಮ ಆಯಿಗೆ ಉಸಿರಾಟದ ತ್ರಾಸ ಶುರುವಾಯಿತು. ಹೊರಗೆ ನಮ್ಮ ಖಾನಾಪುರದ ಮಳೆ, ಅದು ಹ್ಯಾಂಗಿರತೈತಿ ಅಂತ ನಿಮಗೆ ಹೇಳಬೇಕಾಗಿಲ್ಲ. ಅಪ್ಪ ಓಡಿ ಹೋಗಿ ಓಮ್ನಿಯ ಕೀಲಿ ತಿರುಗಿಸಿದರು. ಗಾಡಿ ‘ಟಕ್ ಟಕ್’ ಅಂದು ಸುಮ್ಮನಾಯಿತು. ಓಣಿಯ ಎಂಟು ಮಂದಿ ಕೆಸರಿನಾಗ ನೂಕಿ ನೂಕಿ ಚಾಲೂ ಮಾಡಿದರು. ಆಸ್ಪತ್ರೆ ಮುಟ್ಟುವಾಗ ಮುಕ್ಕಾಲು ತಾಸು ತಡವಾಗಿತ್ತು. ದೇವರ ದಯೆ, ಆಯಿ ಉಳಿದಳು. ಈಗಲೂ ಕಟ್ಟಿ ಮೇಲೆ ಕುಂತು ನನ್ನನ್ನು ಬೈಯುತ್ತಾಳೆ. ಆದರೆ ಆ ಮುಕ್ಕಾಲು ತಾಸು ನಾನು ಮರೆತಿಲ್ಲ. ಅದಕ್ಕೇ ಈ ಲೇಖನ.

ತಪ್ಪು ಗಾಡಿಯದಲ್ಲ, ನಮ್ಮದು. ಐದು ತಿಂಗಳ ಹಿಂದೆ ರಿಪೇರಿ ಮಾಡಿದ ಹಳೇ ಬ್ಯಾಟರಿಯನ್ನು 1,500 ರೂಪಾಯಿಗೆ ತಂದು ಹಾಕಿದ್ದೆವು. ಬಿಲ್ಲಿಲ್ಲ, ಗ್ಯಾರಂಟಿ ಕಾರ್ಡಿಲ್ಲ. ಅಗ್ಗ ಸಿಕ್ಕಿತು ಅಂತ ಮನೆಯವರೆಲ್ಲ ಖುಷಿಪಟ್ಟಿದ್ದೆವು. ಐದೇ ತಿಂಗಳು ಬಾಳಿತು. ಅಂದರೆ ತಿಂಗಳಿಗೆ 300 ರೂಪಾಯಿ! ಆಮೇಲೆ ಬೆಳಗಾವಿಗೆ ಹೋಗಿ 4,200 ರೂಪಾಯಿಯ ಹೊಸ ಬ್ಯಾಟರಿ ತಂದೆವು. ಹಳೇದಕ್ಕೆ 800 ವಜಾ ಆಗಿ 3,400 ಬಿತ್ತು. ಗ್ಯಾರಂಟಿ ಕಾರ್ಡಿನ ಅವಧಿ 36 ತಿಂಗಳು. ಅಷ್ಟೇ ಬಾಳಿದರೂ ತಿಂಗಳಿಗೆ 95 ರೂಪಾಯಿ ಸಹ ಬೀಳುವುದಿಲ್ಲ. ಯಾವುದು ಅಗ್ಗ, ನೀವೇ ಲೆಕ್ಕ ಮಾಡಿರಿ.

ಗಾಡಿ ಚಾಲೂ ಆಗಲಿಲ್ಲ ಅಂದಕೂಡಲೇ ಬ್ಯಾಟರಿ ಬದಲಿಸುವುದೂ ತಪ್ಪು. ಮೊದಲು ಮೀಟರ್ ಹಚ್ಚಿ ನೋಡಬೇಕು. ಬ್ಯಾಟರಿಯೊಳಗೆ ಆರು ಕೋಶಗಳು, ಒಂದೊಂದು ಸುಮಾರು 2 ವೋಲ್ಟ್. ಗಾಡಿ ಬಂದ್ ಮಾಡಿ ಕೆಲವು ತಾಸು ಬಿಟ್ಟು ನೋಡಿದಾಗ 12.6 ಇದ್ದರೆ ಪೂರ್ತಿ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಓಡುವಾಗ ಸುಮಾರು 14 ತೋರಿಸಬೇಕು. ಅದೂ 12ರ ಹತ್ತಿರವೇ ನಿಂತರೆ ದೋಷ ಬ್ಯಾಟರಿಯದಲ್ಲದೆ ಅದನ್ನು ತುಂಬುವ ಆಲ್ಟರ್ನೇಟರಿನದೋ, ವಾಯರಿನದೋ ಇರಬಹುದು. ಹೊಸ ಬ್ಯಾಟರಿ ಹಾಕಿದರೂ ಅದು ಮತ್ತೆ ಇಳಿಯುತ್ತದೆ. ಕೆಲವೊಮ್ಮೆ ಟರ್ಮಿನಲ್ಲಿನ ಮೇಲೆ ಕೂತ ಬಿಳಿ-ಹಸಿರು ಪುಡಿಯೇ ಕಾರಣ. ನಾವು ಆಮ್ಲ-ಪ್ರತ್ಯಾಮ್ಲ ಪಾಠದಲ್ಲಿ ಓದಿದ್ದೇವಲ್ಲ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದರೆ ಹೋಗುತ್ತದೆ. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಇಳಿಯಬಾರದು.

ಕೊಳ್ಳುವಾಗ ಮೂರು ಮಾತು ನೆನಪಿರಲಿ. ಒಂದು, ಗಾಡಿಗೆ ಹೇಳಿದ ಅಳತೆಯದೇ ಇರಬೇಕು. ನಮ್ಮದು 12 ವೋಲ್ಟ್, 35 ಎ.ಎಚ್. ಪ್ಲಸ್ ಯಾವ ಬದಿಗೆ ಐತಿ ಅಂತಲೂ ನೋಡಬೇಕು, ಇಲ್ಲದಿದ್ದರೆ ವಾಯರು ಮುಟ್ಟುವುದಿಲ್ಲ. ಎರಡು, ತಯಾರಾದ ತಿಂಗಳು ನೋಡಬೇಕು. ಅಂಗಡಿಯಲ್ಲಿ ಬಹಳ ದಿನ ಸುಮ್ಮನೆ ಕೂತ ಬ್ಯಾಟರಿಯೂ ಒಳಗೊಳಗೇ ಕೆಡುತ್ತದೆ. ಮೂರು, ಬಿಲ್ಲು ಮತ್ತು ತಾರೀಖು ಹಾಕಿದ ಕಾರ್ಡು ಇಲ್ಲದೆ ಅಂಗಡಿ ಮೆಟ್ಟಲು ಇಳಿಯಬಾರದು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ಯಾಕೆಂದರೆ ಗಾಡಿಯ ಮೈಯೆಲ್ಲ ಮೈನಸ್‌ಗೆ ಕೂಡಿರುತ್ತದೆ. ಪ್ಲಸ್ ಬಿಚ್ಚುವಾಗ ಪಾನಾ ತಗಡಿಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಜಲಜನಕ ಅನಿಲ ಬರುತ್ತದೆ, ಹತ್ತಿರ ಬೀಡಿ ಹಚ್ಚುವವರು ನೆನಪಿಡಬೇಕು.

ಇನ್ನು ನನ್ನ ಮುಖ್ಯ ಮಾತು. ಬೆಳಗಾವಿಗೆ ಹೊರಡುವ ದಿನ ನಮ್ಮ ಕಾಕಾ ಬಂದು, “ಹಳೇ ಬ್ಯಾಟರಿ ಅಂಗಡ್ಯಾವಗ ಯಾಕ ಕೊಡ್ತೀರಿ? ಇಲ್ಲೇ ಒಡದು ಸೀಸ ಕರಗಿಸಿದರ ಮೀನಿನ ಬಲಿಗೆ ಗುಂಡು ಆಗ್ತಾವ” ಅಂದರು. ನಾನು ಬ್ಯಾಡ ಅಂದೆ. “ಎರಡು ಅಕ್ಷರ ಕಲತ ಕೂಡಲೇ ನನಗ ಬುದ್ಧಿ ಹೇಳ್ತಿ ಏನು?” ಅಂತ ಸಿಟ್ಟಾದರು. ಕಾಕಾನ ಮಾತಿನಲ್ಲಿ ಒಂದು ನ್ಯಾಯ ಇದೆ. ದುಡ್ಡು ಕೊಟ್ಟು ತಂದ ವಸ್ತು, ಬಿಸಾಡಬಾರದು. ಆದರೆ ಒಡೆದರೆ ಅದರೊಳಗಿನ ಗಂಧಕಾಮ್ಲ ಎಲ್ಲಿ ಹೋಗುತ್ತದೆ? ಹಿತ್ತಲಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ. ಸೀಸ ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತುವಲ್ಲ. ಕರಗಿಸುವಾಗಿನ ಹೊಗೆ, ಧೂಳು ಸಣ್ಣ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಡುಕು. ಕಾಕಾನ ಮನೆಯಲ್ಲೇ ಎರಡು ವರ್ಷದ ಕೂಸು ಐತಿ.

ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ನಮ್ಮ ತಾಲೂಕಿನದು. ಮುಂದೆ ಸವದತ್ತಿಯ ನವಿಲುತೀರ್ಥ ಅಣೆಕಟ್ಟಿಗೆ ಹೋಗಿ ಎಷ್ಟೋ ಊರುಗಳಿಗೆ ಕುಡಿಯುವ ನೀರಾಗುತ್ತದೆ. ಮೇಲಿನ ಊರಿನವರು ನಾವು. ನಾವು ಹೊಲಸು ಮಾಡಿದರೆ ಕೆಳಗಿನವರು ಕುಡಿಯಬೇಕು. ಹಳೇ ಬ್ಯಾಟರಿಯನ್ನು ಮಾರುವವರು ವಾಪಸ್ ಪಡೆಯಬೇಕೆಂದು ಸರ್ಕಾರ 2001ರಲ್ಲೇ ನಿಯಮ ಮಾಡಿತ್ತು. 2022ರ ಹೊಸ ನಿಯಮದಲ್ಲಿ ತಯಾರಕರಿಗೇ ಅದರ ಹೊಣೆ ಹೊರಿಸಿದೆ. ವಾಪಸ್ ಹೋದ ಸೀಸ ಮತ್ತೆ ಹೊಸ ಬ್ಯಾಟರಿಗೆ ಬರುತ್ತದೆ. ಹಾಗಾದರೆ ಅದನ್ನು ಕೊಡುವುದು ಬಿಸಾಡಿದಂತೆ ಅಲ್ಲ. ಕಾಕಾ ಬಯಸಿದ್ದೂ ಅದನ್ನೇ ಅಲ್ಲವೇ?

ನಮ್ಮ ಸಾಲಿಗೂ ದಿನಾ ವ್ಯಾನಿನಲ್ಲಿ ಮಕ್ಕಳು ಬರುತ್ತಾರೆ. ಮಳೆಗಾಲಕ್ಕೆ ಮೊದಲು ಊರಿನ ಎಲ್ಲ ಗಾಡಿಗಳ ಬ್ಯಾಟರಿಯನ್ನು ನಾವು ಹತ್ತನೆಯವರು ಒಂದು ರವಿವಾರ ಮೀಟರ್ ಹಚ್ಚಿ ನೋಡಬಹುದಲ್ಲ? ವಿಜ್ಞಾನದ ಗುರುಗಳು ಜೊತೆಗಿದ್ದರೆ ನಮಗೂ ಪಾಠ, ಊರಿಗೂ ಉಪಕಾರ. ಊರಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗುವುದು ಬ್ಯಾಡ. ಕಾಕಾ ಇನ್ನೂ ನನ್ನ ಕೂಡ ಸರಿಯಾಗಿ ಮಾತಾಡಿಲ್ಲ. ಆದರೂ ನನ್ನ ಅಭಿಪ್ರಾಯ ಇದೇ. ನಿಮ್ಮದೇನು? ಕೆಳಗೆ ಜಾಗ ಬಿಟ್ಟಿದ್ದೇನೆ, ಬರೆಯಿರಿ.

— ಹತ್ತನೆಯ ತರಗತಿಯ ವಿದ್ಯಾರ್ಥಿ